ರಂಗೋಲಿ ಪುಡಿಯಿಂದ ಶುರು: ಮನೆಗೆ ನುಗ್ಗುವ ಪಾರಿವಾಳ, ಕೋತಿ, ಹೆಗ್ಗಣ, ಕಬ್ಬೆಕ್ಕಿನ ದಾರಿ ಮುಚ್ಚುವ ಬಗೆ

ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳ ಬಡಾವಣೆಗಳಲ್ಲಿ ಮನೆಗೆ ಬಂದು ಕಾಟ ಕೊಡುವ ಪ್ರಾಣಿಗಳ ಪಟ್ಟಿ ದೊಡ್ಡದೇನಲ್ಲ. ಬಾಲ್ಕನಿಯಲ್ಲಿ ಪಾರಿವಾಳ, ತಾರಸಿಯಲ್ಲಿ ಕೋತಿ, ಮೋರಿಯಿಂದ ಹೆಗ್ಗಣ, ಹೆಂಚಿನಡಿಯಲ್ಲೋ ಫಾಲ್ಸ್ ಸೀಲಿಂಗ್ ಮೇಲೋ ಕಬ್ಬೆಕ್ಕು (ರಾತ್ರಿ ಓಡಾಡುವ, ಬೆಕ್ಕಿನಂಥ ಕಾಡುಪ್ರಾಣಿ). ಆಗೊಮ್ಮೆ ಈಗೊಮ್ಮೆ ಹಾವು, ಹೆಜ್ಜೇನು. ಇವನ್ನು ಓಡಿಸಲು ಜನ ಪಟಾಕಿ ಹೊಡೆಯುತ್ತಾರೆ, ಹಳೇ ಸಿ.ಡಿ. ನೇತುಹಾಕುತ್ತಾರೆ, ಹುಲಿಗೊಂಬೆ ಇಡುತ್ತಾರೆ, ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸುವ ಅಲ್ಟ್ರಾಸಾನಿಕ್ ಡಬ್ಬಿಯನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಒಂದು ವಾರ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ಪಾರಿವಾಳ ಆ ಸಿ.ಡಿ.ಯ ಪಕ್ಕದಲ್ಲೇ ಮೊಟ್ಟೆ ಇಡುತ್ತದೆ.

ಪ್ರಾಣಿ ಬರುವುದು ತಿನ್ನಲು ಏನೋ ಇದೆ ಅಂತ, ಇಲ್ಲವೇ ಇರಲು ಜಾಗ ಇದೆ ಅಂತ. ಊಟ ನಿಲ್ಲಿಸಿ ದಾರಿ ಮುಚ್ಚುವ ತನಕ ಉಳಿದದ್ದೆಲ್ಲ ಬರೀ ಖರ್ಚು. ಮುಚ್ಚುವುದಕ್ಕೂ ಒಂದು ಕ್ರಮವಿದೆ: ಮೊದಲು ಯಾರು ಬರುತ್ತಿದ್ದಾರೆ ಅಂತ ಗೊತ್ತಾಗಬೇಕು, ಆಮೇಲೆ ಒಳಗೆ ಮರಿ ಇಲ್ಲ ಅಂತ ಖಾತ್ರಿಯಾಗಬೇಕು, ಪ್ರಾಣಿ ಹೊರಗೆ ಹೋಗಬೇಕು, ಕೊನೆಗೆ ಕಿಂಡಿ ಮುಚ್ಚಬೇಕು. ಇದನ್ನು ಹಿಂದುಮುಂದು ಮಾಡಿದವರ ಮನೆಯಲ್ಲಿ ಹತ್ತನೇ ದಿನ ಸೀಲಿಂಗಿನಿಂದ ಕೊಳೆತ ವಾಸನೆ ಬರುತ್ತದೆ.

ಬರುತ್ತಿರುವವರು ಯಾರು?

ಅಂಗಡಿಯಲ್ಲಿ ಸಿಗುವ ಬಿಳಿ ರಂಗೋಲಿ ಪುಡಿ ಅರ್ಧ ಕೆಜಿ ಸಾಕು. ಅನುಮಾನವಿರುವ ಕಿಂಡಿಯ ಮುಂದೆ, ಪೈಪಿನ ಬುಡದಲ್ಲಿ, ಅಟ್ಟದ ಹಲಗೆಯ ಮೇಲೆ, ಒಂದು ಅಡಿ ಅಗಲಕ್ಕೆ ತೆಳ್ಳಗೆ ಜರಡಿ ಹಿಡಿಯಿರಿ. ದಪ್ಪ ಹಾಕಿದರೆ ಹೆಜ್ಜೆ ಕುಸಿದು ಗುರುತು ಕೆಡುತ್ತದೆ. ಕೆಳಗಿನ ನೆಲದ ಬಣ್ಣ ಮಸುಕಾಗಿ ಕಾಣುವಷ್ಟೇ ಇರಲಿ. ನೆಲ ಬಿಳಿಯಾಗಿದ್ದರೆ ರಾಗಿ ಹಿಟ್ಟು ಬಳಸಬಹುದು, ಆದರೆ ಅದನ್ನು ಇಲಿ ತಿಂದುಹೋಗುತ್ತದೆ, ಹಾಗಾಗಿ ಬಣ್ಣದ ರಂಗೋಲಿಯೇ ವಾಸಿ. ಬೆಳಿಗ್ಗೆ ಮೊಬೈಲಿನ ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದು ಅಡ್ಡದಿಂದ ಬೆಳಕು ಹಾಯಿಸಿ ನೋಡಿ.

ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಉಗುರು ಕಾಣುವುದಿಲ್ಲ. ಕಬ್ಬೆಕ್ಕಿಗೆ ಐದು ಬೆರಳು. ಇಲಿ, ಹೆಗ್ಗಣಗಳ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು, ನಡುವೆ ಬಾಲ ಎಳೆದ ಗೆರೆಯೂ ಇರಬಹುದು. ಕೋತಿಯದು ಪುಟ್ಟ ಮಗುವಿನ ಅಂಗೈಯಂತೆಯೇ. ಹೆಜ್ಜೆ ಯಾವ ಕಡೆಗೆ ಹೋಗಿದೆ ಅನ್ನುವುದನ್ನೂ ಗಮನಿಸಿ. ಹೊರಗೆ ಹೋದ ಗುರುತು ಮಾತ್ರ ಇದ್ದು ಒಳಗೆ ಬಂದದ್ದು ಇಲ್ಲದಿದ್ದರೆ ಇನ್ನೊಂದು ದಾರಿ ಇರಬಹುದು.

ಹಿಕ್ಕೆಯೂ ಹೇಳುತ್ತದೆ. ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಸಣ್ಣ ಇಲಿಯದು. ಅಷ್ಟೇ ಗಾತ್ರವಿದ್ದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದು. ಕಡ್ಡಿಯಿಂದ ಒತ್ತಿದಾಗ ಪುಡಿಪುಡಿಯಾಗಿ ಹುಳದ ರೆಕ್ಕೆಯ ಹೊಳಪು ಕಂಡರೆ ಬಾವಲಿ. ತಾರಸಿಯ ಮೂಲೆಯಲ್ಲಿ ಒಂದೇ ಕಡೆ ಗುಡ್ಡೆಯಾಗಿ, ಸಪೋಟ, ಪಪ್ಪಾಯಿ ಬೀಜಗಳು ತುಂಬಿದ ಹಿಕ್ಕೆ ಇದ್ದರೆ ಕಬ್ಬೆಕ್ಕು ಎಂದು ಕಣ್ಣುಮುಚ್ಚಿ ಹೇಳಬಹುದು. ಸದ್ದಿನ ಹೊತ್ತೂ ಸುಳಿವೇ: ಹಗಲು ಕೆರೆತ ಅಳಿಲಿನದು, ರಾತ್ರಿ ಹತ್ತರ ಮೇಲೆ ಯಾರೋ ನಡೆದಾಡಿದಂಥ ಧಡಧಡ ಕಬ್ಬೆಕ್ಕಿನದು.

ಒಂದು ಮಾತು. ಗೋಡೆಯಂಚಿನಲ್ಲಿ ಕೀಚ್ ಕೀಚ್ ಅನ್ನುತ್ತ ಓಡುವ, ಚೂಪು ಮೂತಿಯ, ಘಾಟು ವಾಸನೆಯ ಸುಂಡಿಲಿ ಇಲಿಯೇ ಅಲ್ಲ. ಅದು ತಿನ್ನುವುದು ಜಿರಳೆ, ಹುಳು. ಬಾಗಿಲ ಸಂದು ಮುಚ್ಚಿದರೆ ಸಾಕು, ಅದನ್ನು ಕೊಲ್ಲುವ ಅಗತ್ಯವಿಲ್ಲ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಕೋತಿ, ಕಬ್ಬೆಕ್ಕು, ನಾಗರಹಾವು, ಕೇರೆಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ದಂಡದ ಮೊತ್ತವೂ ಏರಿದೆ. ಇವನ್ನು ಕೊಲ್ಲುವುದು ಮಾತ್ರವಲ್ಲ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೋನಿಟ್ಟು ಹಿಡಿದು ಬೇರೆಡೆ ಬಿಡುವುದೂ ಅಪರಾಧ. ‘ಕೋತಿ ಹಿಡಿಯುವವರು’ ಎಂದು ಫೋನ್ ನಂಬರ್ ಹಂಚುವವರಿಗೆ ದುಡ್ಡು ಕೊಡುವ ಮೊದಲು ಅನುಮತಿ ಪತ್ರ ತೋರಿಸಿ ಅನ್ನಿ. ಇಲಿ, ಹೆಗ್ಗಣಗಳಿಗೆ ಈ ನಿರ್ಬಂಧವಿಲ್ಲ. ನಿಮ್ಮ ಕೈಮೀರಿದ್ದಕ್ಕೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಾದರೆ ಪಾಲಿಕೆಯ 1533 ಕೂಡ ಇದೆ.

ಪಾರಿವಾಳ: ಬಲೆ ಹಾಕುವುದಾದರೆ ಸರಿಯಾಗಿ ಹಾಕಿ

ಪಾರಿವಾಳದ ಮೂಲ ಮನೆ ಬಂಡೆಯ ಸಂದು. ನಮ್ಮ ಅಪಾರ್ಟ್‌ಮೆಂಟಿನ ಎ.ಸಿ. ಕಟ್ಟೆ, ಡಕ್ಟ್, ಸಜ್ಜಾ ಎಲ್ಲ ಅದರ ಕಣ್ಣಿಗೆ ಬಂಡೆಯೇ. ಎರಡು ಮೊಟ್ಟೆ ಇಡುತ್ತದೆ, ಸುಮಾರು 18 ದಿನಕ್ಕೆ ಮರಿ, ಮತ್ತೆ ನಾಲ್ಕೈದು ವಾರಕ್ಕೆ ಅವು ಹಾರುತ್ತವೆ. ಅಂದರೆ ಮೊಟ್ಟೆ ಇಟ್ಟ ಮೇಲೆ ನೀವು ಏಳು ವಾರ ಕಾಯಬೇಕು. ಮರಿ ಹಾರುವ ಮೊದಲೇ ಮುಂದಿನ ಜೊತೆ ಮೊಟ್ಟೆ ಇಡುವುದೂ ಉಂಟು, ಆದ್ದರಿಂದ ‘ಇದೊಂದು ಸಲ ಆಗಲಿ’ ಅಂತ ಕೂತರೆ ವರ್ಷವೆಲ್ಲ ಬಾಣಂತನವೇ. ಮರಿಗಳು ಹಾರಿದ ದಿನವೇ ಗೂಡು ತೆಗೆದು, ತೊಳೆದು, ಬಲೆ ಹಾಕಿಸಿ. ಇನ್ನೂ ಕಡ್ಡಿ ಜೋಡಿಸುವ ಹಂತದಲ್ಲಿದ್ದರೆ ದಿನಾ ಬೆಳಿಗ್ಗೆ ಕಡ್ಡಿ ತೆಗೆದುಹಾಕುತ್ತ ಬನ್ನಿ.

ಮೊದಲು ತೊಳೆಯುವ ಕೆಲಸ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವುದೇ ಎಲ್ಲರೂ ಮಾಡುವ ತಪ್ಪು. ಆ ಧೂಳಿನಲ್ಲಿ ಶಿಲೀಂಧ್ರದ ಕಣಗಳಿರಬಹುದು. ಆಸ್ತಮಾ ಇದ್ದವರಿಗೆ, ವಯಸ್ಸಾದವರಿಗೆ ಶ್ವಾಸಕೋಶದ ತೊಂದರೆ ಅಂಟಿಕೊಳ್ಳಬಹುದು. ಎನ್-95 ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಮನೆಯೊಳಗಿನ ಬಾಗಿಲು ಕಿಟಕಿ ಮುಚ್ಚಿ. ಒಂದು ಲೀಟರ್ ನೀರಿಗೆ 100 ಮಿಲಿ ದ್ರವ ಬ್ಲೀಚ್ ಬೆರೆಸಿ, ಸ್ಪ್ರೇ ಬಾಟಲಿಯಿಂದ ಹಿಕ್ಕೆಯ ಮೇಲೆ ಮೆಲ್ಲಗೆ ಸಿಂಪಡಿಸಿ. ಜೋರಾಗಿ ಪೈಪ್ ಹಿಡಿದರೂ ಕಣ ಏಳುತ್ತದೆ. ಹತ್ತು ನಿಮಿಷ ನೆನೆಯಲಿ. ಹಳೇ ರಟ್ಟಿನಿಂದಲೋ ಪುಟ್ಟಿ ಬ್ಲೇಡಿನಿಂದಲೋ ಕೆರೆದು ಎರಡು ಪದರ ಕವರಿನಲ್ಲಿ ಕಟ್ಟಿ, ಆಮೇಲೆ ಅದೇ ನೀರಿನಿಂದ ಇನ್ನೊಮ್ಮೆ ಒರೆಸಿ. ಬ್ಲೀಚ್ ಜೊತೆಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ತೊಳೆದ ನೀರು ಕೆಳಗಿನ ಮನೆಯ ಬಟ್ಟೆಯ ಮೇಲೆ ಬೀಳುವುದಾದರೆ ಅವರಿಗೆ ಮೊದಲೇ ಹೇಳಿ. ಪಾರಿವಾಳಕ್ಕಿಂತ ಕೆಳಮನೆಯವರ ಜಗಳ ದೊಡ್ಡದು.

ಬಲೆಗೆ ಬೇಕಾದ ಸಾಮಾನು: ಬಿಸಿಲು ತಡೆಯುವ (ಯು.ವಿ. ಸ್ಟೆಬಿಲೈಸ್ಡ್ ಎಂದು ಕೇಳಿ) ನೈಲಾನ್ ಅಥವಾ ಎಚ್.ಡಿ.ಪಿ.ಇ. ಬಲೆ, 2 ಮಿಮೀ ಸ್ಟೇನ್‌ಲೆಸ್ ಸ್ಟೀಲ್ ತಂತಿಹಗ್ಗ, ಕೊಂಡಿ ಸ್ಕ್ರೂಗಳು, ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಬೆಣೆ), ಪ್ರತಿ ಬದಿಗೊಂದು ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿ ಮಾಡುವ ಸಾಧನ), ಕಪ್ಪು ಕೇಬಲ್ ಟೈ. ಬಲೆಯ ಕಣ್ಣು 50 ಮಿಲಿಮೀಟರ್ ಮೀರಬಾರದು. ಗುಬ್ಬಿಯೂ ಒಳಗೆ ಬರುತ್ತದೆ ಅನ್ನುವವರು 20ರ ಒಳಗಿನದು ತೆಗೆದುಕೊಳ್ಳಬೇಕು, ಆದರೆ ಅದು ಗಾಳಿಗೆ ಜಾಸ್ತಿ ಹೊಡೆದುಕೊಳ್ಳುತ್ತದೆ, ಬೆಳಕೂ ಕಡಿಮೆ. ಬಿಳಿ ಕೇಬಲ್ ಟೈ ಬಿಸಿಲಿಗೆ ಬೇಗ ಸಿಡಿಯುತ್ತದೆ. ಅಗ್ಗಕ್ಕೆ ಬಲೆ ಹಾಕುವವರು ಉಳಿಸುವುದು ಇಲ್ಲೇ. ತಂತಿಹಗ್ಗವೇ ಇಲ್ಲದೆ ಸ್ಕ್ರೂನಿಂದ ಸ್ಕ್ರೂಗೆ ಬಲೆ ಸಿಕ್ಕಿಸಿ ಹೋಗುವವರೂ ಇದ್ದಾರೆ. ಆ ಬಲೆ ಒಂದು ಮಳೆಗಾಲಕ್ಕೆ ಜೋಲುತ್ತದೆ.

ಹಾಕುವ ಕ್ರಮ ಹೀಗೆ. ಕಾಂಕ್ರೀಟಿನ ಅಂಚಿನಿಂದ ಕನಿಷ್ಠ 5 ಸೆಂಮೀ ಒಳಗೆ 6 ಮಿಮೀ ಬಿಟ್‌ನಿಂದ ತೂತು ಕೊರೆಯಿರಿ, ಆಳ 4 ಸೆಂಮೀ. ಅಂಚಿಗೆ ಹತ್ತಿರ ಕೊರೆದರೆ ಚಕ್ಕೆ ಎದ್ದು ಸ್ಕ್ರೂ ಸಮೇತ ಬರುತ್ತದೆ. ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಅಡಿಗೊಂದರಂತೆ ಕೊಂಡಿ. ಕೊಂಡಿಗಳ ಮೂಲಕ ತಂತಿ ಹಾಯಿಸಿ ಟರ್ನ್‌ಬಕಲ್‌ನಿಂದ ಬಿಗಿ ಮಾಡಿ. ಬೆರಳಿಂದ ಮೀಟಿದರೆ ತಂಬೂರಿಯಂತೆ ಸದ್ದು ಬರಬೇಕು. ಬಲೆಯನ್ನು ಎಲ್ಲ ಬದಿಗೂ ಒಂದು ಗೇಣು ಹೆಚ್ಚಿಗೆ ಕತ್ತರಿಸಿ, ಮೇಲಿನ ತಂತಿಗೆ ಮೊದಲು ಕಟ್ಟಿ, ಆಮೇಲೆ ಬದಿಗಳು, ಕೊನೆಗೆ ಕೆಳಗೆ. ಪ್ರತಿ ಎರಡು ಕಣ್ಣಿಗೊಂದು ಕಟ್ಟು. ಸಡಿಲವಾದ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ, ಅದನ್ನು ಬಿಡಿಸಲು ಏಳನೇ ಮಹಡಿಯಲ್ಲಿ ನೀವು ನೇತಾಡಬೇಕಾಗುತ್ತದೆ. ಕೈಚಾಚಿ ಕೊರೆಯುವ ಕೆಲಸವಿದ್ದರೆ, ಮೂರನೇ ಮಹಡಿಯಿಂದ ಮೇಲೆ ಸೊಂಟಕ್ಕೆ ಸೇಫ್ಟಿ ಬೆಲ್ಟ್ ಕಟ್ಟಿಕೊಂಡು ಬರುವ ಕೆಲಸಗಾರರಿಗೇ ಕೊಡಿ.

ಕೊನೆಯ ಗಂಟು ಹಾಕುವ ಮೊದಲು ಎ.ಸಿ. ಯೂನಿಟ್ಟಿನ ಹಿಂದೆ, ಸಜ್ಜಾದ ಮೇಲೆ ಹಕ್ಕಿ ಉಳಿದಿಲ್ಲವೇ ನೋಡಿ. ಎ.ಸಿ. ಪೈಪ್ ಹೊರಹೋಗುವ ಕಡೆ ಬಲೆ ಸೀಳಿದ್ದರೆ ಅದನ್ನು ದಾರದಿಂದ ಹೊಲಿಯಿರಿ. ಪಾರಿವಾಳ ತೂರಲು ಅಂಗೈಯಗಲದ ಸಂದು ಧಾರಾಳ.

ಮುಳ್ಳುಪಟ್ಟಿ ಕಿರಿದಾದ ಅಂಚಿಗೆ ಮಾತ್ರ ಸರಿ. ಅಗಲ ಸಜ್ಜಾದ ಮೇಲೆ ಒಂದೇ ಸಾಲು ಹಾಕಿದರೆ ಅದು ಗೂಡಿನ ಕಡ್ಡಿ ಜಾರದಂತೆ ಹಿಡಿಯಲು ಅನುಕೂಲವಾಗುತ್ತದೆ ಅಷ್ಟೇ. ಅಂಟು ಜೆಲ್ ಬೇಡ, ಸಣ್ಣ ಹಕ್ಕಿಗಳ ರೆಕ್ಕೆ ಅಂಟುತ್ತದೆ. ಅಲ್ಟ್ರಾಸಾನಿಕ್ ಸಾಧನವಂತೂ ಪಾರಿವಾಳಕ್ಕೆ ಕೇಳಿಸುವುದೇ ಇಲ್ಲ, ಹಕ್ಕಿಗಳ ಕಿವಿ ಅಷ್ಟು ಮೇಲಿನ ಸ್ವರ ಮುಟ್ಟುವುದಿಲ್ಲ. ಎದುರು ಕಟ್ಟಡದಲ್ಲಿ ಯಾರಾದರೂ ದಿನಾ ಜೋಳ ಚೆಲ್ಲುತ್ತಿದ್ದರೆ ನಿಮ್ಮ ಬಲೆ ನಿಮ್ಮ ಮನೆಯನ್ನು ಮಾತ್ರ ಕಾಯುತ್ತದೆ, ಹಿಂಡು ಕಡಿಮೆಯಾಗುವುದಿಲ್ಲ. ಅದು ಸಂಘದ ಸಭೆಯಲ್ಲಿ ಮಾತಾಡಬೇಕಾದ ವಿಷಯ.

ಕೋತಿ

ನಮ್ಮ ಊರುಗಳಲ್ಲಿ ಕಾಣುವುದು ತಲೆಯ ಮೇಲೆ ಬೈತಲೆ ತೆಗೆದಂತೆ ಕೂದಲಿರುವ, ಕೆಂಚು ಬಣ್ಣದ ಕೋತಿ. ಹಿಂಡಿಗೆ ದಿನದ ಸುತ್ತು ಇರುತ್ತದೆ: ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಏನು ಸಿಗುತ್ತದೆ ಎಂದು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಮನೆಯನ್ನು ಆ ಸುತ್ತಿನಿಂದ ಬಿಡಿಸುವುದೇ ಗುರಿ. ಮೂರು ನಾಲ್ಕು ವಾರ ಏನೂ ಸಿಗದಿದ್ದರೆ ಬಿಡುತ್ತದೆ. ನಡುವೆ ಒಂದು ದಿನ ಒಂದು ಬಾಳೆಹಣ್ಣು ಸಿಕ್ಕರೂ ಲೆಕ್ಕ ಮತ್ತೆ ಮೊದಲಿಂದ. ಶನಿವಾರ ಹನುಮಂತನ ಹೆಸರಲ್ಲಿ ಗೇಟಿನ ಮುಂದೆ ಹಣ್ಣಿಡುವ ಪದ್ಧತಿ ಇರುವ ಬೀದಿಯಲ್ಲಿ ಇದು ಕಷ್ಟವೇ. ಆ ಹಣ್ಣನ್ನು ದೇವಸ್ಥಾನಕ್ಕೆ ಕೊಡಲು ಒಪ್ಪಿಸಿದರೆ ಅರ್ಧ ಕೆಲಸ ಆದಂತೆ.

ಹಸಿ ಕಸವನ್ನು ರಾತ್ರಿ ಹೊರಗಿಡಬೇಡಿ, ಬೆಳಿಗ್ಗೆ ಗಾಡಿ ಬಂದಾಗಲೇ ಕೊಡಿ. ಪೇರಲ, ಸಪೋಟ, ಮಾವು ಬಲಿತ ಕೂಡಲೇ ಕೊಯ್ದು ಒಳಗೆ ಹಣ್ಣು ಮಾಡಿ. ಸಂಡಿಗೆ, ಹಪ್ಪಳ ಒಣಗಿಸುವುದಾದರೆ ಒಂದು ಅಂಗುಲ ಕಣ್ಣಿನ ವೆಲ್ಡ್ ಮೆಶ್ಶನ್ನು ಕಬ್ಬಿಣದ ಚೌಕಟ್ಟಿಗೆ ಬೆಸೆಸಿ ಕವುಚಿ ಹಾಕಿ. ಮೆಶ್ ಹಪ್ಪಳದಿಂದ ಒಂದು ಗೇಣು ಎತ್ತರದಲ್ಲಿರಬೇಕು, ಇಲ್ಲವಾದರೆ ಬೆರಳು ತೂರಿಸಿ ಎಳೆದುಕೊಳ್ಳುತ್ತದೆ.

ಕಿಟಕಿಯ ಗ್ರಿಲ್ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ನಾಲ್ಕು ಅಂಗುಲದ ಸಂದಿನಲ್ಲಿ ಮರಿಕೋತಿ ಸಲೀಸಾಗಿ ತೂರಿ, ಒಳಗಿನ ಚಿಲಕ ತೆಗೆಯುವಷ್ಟು ಚುರುಕು. ಗ್ರಿಲ್ಲಿಗೆ ಹೊರಗಡೆಯಿಂದ ಒಂದು ಅಂಗುಲದ ವೆಲ್ಡ್ ಮೆಶ್ ಹಾಕಿಸಿ. ನೈಲಾನ್ ಸೊಳ್ಳೆಪರದೆ ಉಗುರಿಗೆ ಹರಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ತಡೆಯುತ್ತದೆ. ಸರಿಸುವ ಬಾಗಿಲಿಗೆ ಕೆಳಗೊಂದು ಚಿಲಕ ಕಡ್ಡಾಯ, ಬರೀ ಮುಚ್ಚಿದ್ದರೆ ಸರಿಸಿ ತೆಗೆಯುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿ ಮರೆಯಬೇಡಿ.

ತಾರಸಿಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಅಥವಾ ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಂತಿಯ ಕಟ್ಟು ಇರಲಿ. ತೆರೆದು ಒಳಗೆ ಸ್ನಾನ ಮಾಡಿದ್ದು ಗೊತ್ತಾಗುವುದು ನಲ್ಲಿಯಲ್ಲಿ ರೋಮ ಬಂದಾಗ. ಪ್ಲಾಸ್ಟಿಕ್ ಪೈಪುಗಳು ಮುರಿಯುವುದು ಕಚ್ಚಿದ್ದರಿಂದಲ್ಲ, ಜೋತಾಡಿದ್ದರಿಂದ. ಗೋಡೆಗೆ ಮೂರು ಅಡಿಗೊಂದು ಕ್ಲಾಂಪ್ ಹಾಕಿಸಿದರೆ ಜೋತಾಡಲು ಹಿಡಿತ ಸಿಗುವುದಿಲ್ಲ. ಸೋಲಾರಿನ ಗಾಜಿನ ಕೊಳವೆಗಳಿಗೆ ಮೇಲೆ ಒಂದಡಿ ಬಿಟ್ಟು ಮೆಶ್ ಚಪ್ಪರ ಹಾಕಬಹುದು, ತೆಳ್ಳನೆ ತಂತಿಯದಾದರೆ ಬಿಸಿಲು ಅಷ್ಟೇನೂ ಕಡಿಮೆಯಾಗುವುದಿಲ್ಲ.

ಕೋತಿ ಅಡುಗೆಮನೆಯೊಳಗೇ ಇದ್ದರೆ: ಅದು ಬಂದ ದಾರಿಗೆ ನೀವು ಅಡ್ಡ ನಿಲ್ಲಬೇಡಿ. ಮಕ್ಕಳನ್ನು ಇನ್ನೊಂದು ಕೋಣೆಗೆ ಕಳಿಸಿ ಬಾಗಿಲು ಹಾಕಿ. ಹೊರಗಿನ ಕಿಟಕಿ, ಬಾಗಿಲು ತೆರೆದು ಹಿಂದೆ ಸರಿಯಿರಿ, ಆಮೇಲೆ ಉದ್ದ ಕೋಲನ್ನು ನೆಲಕ್ಕೆ ಕುಟ್ಟಿ ಸದ್ದು ಮಾಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಕಾಣುವಂತೆ ಕಿರುಚುವುದು ಅದರ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಕೈಯಲ್ಲಿರುವ ಚೀಲ ಹಿಡಿದರೆ ಬಿಟ್ಟುಬಿಡಿ. ಬೆನ್ನು ತೋರಿಸಿ ಓಡಬೇಡಿ.

ಕಚ್ಚಿದರೆ, ಪರಚಿದರೆ, ನಲ್ಲಿಯ ಕೆಳಗೆ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ, ಅರಿಸಿನ ಮೆತ್ತಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ಚರ್ಮ ಸೀಳಿ ರಕ್ತ ಬಂದಿದ್ದರೆ, ಗಾಯ ಸಣ್ಣದಾದರೂ, ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು. ವೈದ್ಯರು ಹೇಳದಿದ್ದರೆ ನೀವೇ ಕೇಳಿ. ಕಬ್ಬೆಕ್ಕು, ಬಾವಲಿ ಕಚ್ಚಿದರೂ ಇದೇ ಕ್ರಮ.

ಹಿಡಿದು ಕಾಡಿಗೆ ಬಿಟ್ಟರಾಯಿತು ಅನ್ನುವ ಮಾತು ಪ್ರತಿ ಬಡಾವಣೆಯಲ್ಲೂ ಬರುತ್ತದೆ. ಊಟ ಇಲ್ಲೇ ಉಳಿದಿದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡು ಬರುತ್ತದೆ, ಬಿಟ್ಟ ಹಿಂಡು ಕಾಡಂಚಿನ ಹಳ್ಳಿಯ ಮನೆಗಳಿಗೆ ನುಗ್ಗುತ್ತದೆ. ಇನ್ನು ಕಾಂಪೌಂಡಿಗೆ ಮನೆಯ ಕರೆಂಟು ಹರಿಸುವುದು ಕೋತಿಗಷ್ಟೇ ಅಲ್ಲ, ಚೆಂಡು ತರಲು ಹತ್ತುವ ಹುಡುಗನಿಗೂ ಸಾವು. ಅದು ನೇರ ಜೈಲಿನ ದಾರಿ.

ಹೆಗ್ಗಣ

ಕಾಂಪೌಂಡಿನ ಬುಡದಲ್ಲಿ ಮುಷ್ಟಿಯಗಲದ ಬಿಲ, ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ. ಬಿಟ್ಟರೆ ಮೆಟ್ಟಿಲ ಕೆಳಗಿನ ಮಣ್ಣು ಖಾಲಿಯಾಗಿ ಕಲ್ಲುಹಾಸು ಕುಸಿಯುತ್ತದೆ. ಬಿಲಗಳಿಗೆಲ್ಲ ಉಂಡೆ ಮಾಡಿದ ನ್ಯೂಸ್‌ಪೇಪರ್ ತುರುಕಿ. ಬೆಳಿಗ್ಗೆ ಯಾವುದರದ್ದು ಆಚೆ ಬಿದ್ದಿದೆಯೋ ಅದೇ ಬಳಕೆಯ ಬಿಲ.

ಮನೆಯೊಳಗೆ ಬರುವುದು ಬಹುಪಾಲು ಚರಂಡಿಯ ಮೂಲಕ. ಚೇಂಬರಿನ ಮುಚ್ಚಳ ಒಡೆದಿದೆಯೇ, ಬಚ್ಚಲಿನ ನೀರು ಇಳಿಯುವ ಕಿಂಡಿಯ (ನಹಾನಿ ಟ್ರ್ಯಾಪ್) ಜಾಲರಿ ಸ್ಕ್ರೂ ಆಗಿದೆಯೇ, ಮಳೆನೀರಿನ ಪೈಪಿನ ತುದಿ ರಸ್ತೆಯ ಮೋರಿಗೆ ತೆರೆದುಕೊಂಡಿದೆಯೇ, ಈ ಮೂರನ್ನು ಮೊದಲು ನೋಡಿ. ಪೈಪಿನ ತುದಿಗೆ ನೀರು ಬಂದಾಗ ಮಾತ್ರ ತೆರೆಯುವ ಫ್ಲ್ಯಾಪ್ ಹಾಕಿಸಬಹುದು. ಬಾಗಿಲ ಕೆಳಗಿನ ಸಂದು ಬೆರಳು ತೂರುವಷ್ಟಿದ್ದರೆ ಸಣ್ಣ ಇಲಿಗೆ ಸಾಕು, 2 ಸೆಂಮೀ ಇದ್ದರೆ ದೊಡ್ಡ ಇಲಿಗೂ ಸಾಕು. ಅಲ್ಯೂಮಿನಿಯಂ ಪಟ್ಟಿ ಹೊಡೆಸಿ, ಬರೀ ರಬ್ಬರನ್ನು ಕಡಿದುಹಾಕುತ್ತದೆ.

ಹಿಡಿಯಲು ಬೋನು ಇಡುವಾಗ ಜನ ಸೋಲುವುದು ಅವಸರದಿಂದ. ಇಲಿ ಹೆಗ್ಗಣಗಳಿಗೆ ಹೊಸ ವಸ್ತು ಅಂದರೆ ಅನುಮಾನ. ಮೂರು ರಾತ್ರಿ ಬೋನಿನ ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರೋ ಬೋಂಡವೋ ಇಡಿ. ಬಂದು ತಿಂದು ಹೋಗಲಿ. ನಾಲ್ಕನೇ ರಾತ್ರಿ ತಂತಿ ಬಿಚ್ಚಿ. ಬೋನು ಗೋಡೆಗೆ ಅಂಟಿಕೊಂಡಿರಬೇಕು, ನಡುಮನೆಯಲ್ಲಲ್ಲ. ಹೆಗ್ಗಣಕ್ಕೆ ಒಂದೂವರೆ ಅಡಿ ಉದ್ದದ ದಪ್ಪ ತಂತಿಯ ಬೋನು ಬೇಕು, ಸಾಮಾನ್ಯ ಇಲಿಬೋನನ್ನು ಬಗ್ಗಿಸಿಕೊಂಡು ಹೋಗುತ್ತದೆ. ಸಿಕ್ಕಿದ್ದನ್ನು ನಾಲ್ಕು ಬೀದಿ ಆಚೆಯ ಖಾಲಿ ಸೈಟಿಗೆ ಬಿಡುವುದು ಅಂದರೆ ಆ ಬೀದಿಯವರಿಗೆ ದಾಟಿಸಿದಂತೆ. ಕೊಲ್ಲುವುದೇ ತೀರ್ಮಾನವಾದರೆ ಒಮ್ಮೆಲೇ ಮುಗಿಸುವ ಸ್ಪ್ರಿಂಗ್ ಕತ್ತರಿ ಮೇಲು. ಅಂಟುಹಲಗೆ ಬೇಡ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ, ಹಕ್ಕಿಮರಿಗಳೂ ಸಿಕ್ಕಿಕೊಳ್ಳುತ್ತವೆ.

ಪಾಷಾಣದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಸಾಯಲು ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಅದು ಮಂಕಾಗಿ ಓಡಾಡುವಾಗ ಗೂಬೆಯೋ ಬೀದಿಬೆಕ್ಕೋ ತಿಂದು ಅವೂ ಸಾಯಬಹುದು. ರಾತ್ರಿ ಪುಕ್ಕಟೆಯಾಗಿ ಇಲಿ ಹಿಡಿಯುತ್ತಿದ್ದ ಗೂಬೆಯನ್ನು ನಾವೇ ಕೊಂದಂತಾಯಿತು. ಹಳದಿ ರಂಜಕವಿರುವ ಟ್ಯೂಬಿನ ಪೇಸ್ಟ್ ಮನೆಯಲ್ಲಿ ಇರಲೇಬಾರದು, ಮಗು ನೆಕ್ಕಿದರೆ ಪ್ರತಿವಿಷವಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಅನಿಲ ಗೋಡೆಯ ಬಿರುಕಿನಲ್ಲಿ ಹಾದು ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲಬಲ್ಲದು. ಅದು ಪರವಾನಗಿ ಪಡೆದ ಕೀಟನಿಯಂತ್ರಕರ ಕೆಲಸ, ಅದೂ ಜನವಾಸದ ಮನೆಯೊಳಗೆ ಅಲ್ಲ.

ಬಿಲ ಮುಚ್ಚುವಾಗ ಒಳಗೆ ಜಲ್ಲಿ ಮತ್ತು ಗಾಜಿನ ಚೂರು ತುಂಬಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಹಾಕಿ. ಇಷ್ಟಕ್ಕೇ ನಿಲ್ಲಿಸಿದರೆ ಒಂದಡಿ ಪಕ್ಕದಲ್ಲಿ ಹೊಸ ಬಿಲ ಏಳುತ್ತದೆ. ಗೋಡೆಗುಂಟ ಎರಡು ಅಡಿ ಆಳದ ಕಾಲುವೆ ತೋಡಿ, ಅರ್ಧ ಅಂಗುಲ ಕಣ್ಣಿನ ಜಿ.ಐ. ಮೆಶ್ಶನ್ನು ಗೋಡೆಗೆ ಅಂಟಿಸಿ ಇಳಿಸಿ, ಕೆಳತುದಿಯನ್ನು ಒಂದಡಿ ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿ. ಗೋಡೆಯ ಬುಡದಿಂದ ಕೆರೆಯುತ್ತ ಇಳಿದ ಹೆಗ್ಗಣಕ್ಕೆ ಆ ಮಡಿಕೆ ಅಡ್ಡ ಸಿಗುತ್ತದೆ. ಹಿಂದೆ ಸರಿದು ದೂರದಿಂದ ಕೊರೆಯಬೇಕು ಎಂದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಅಟ್ಟದ ಕಬ್ಬೆಕ್ಕು

ಮಲ್ಲೇಶ್ವರ, ಬಸವನಗುಡಿಯ ಹಳೇ ಹೆಂಚಿನ ಮನೆಗಳಲ್ಲಿ, ಕರಾವಳಿಯ ತೋಟದ ಮನೆಗಳಲ್ಲಿ ಇದು ಹಳೇ ಬಾಡಿಗೆದಾರ. ಕೆಲವರು ಪುನುಗಿನ ಬೆಕ್ಕು ಅಂತಲೂ ಕರೆಯುತ್ತಾರೆ. ಹಣ್ಣು, ಇಲಿ, ಹುಳು ತಿನ್ನುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. ಸದ್ದು ಮತ್ತು ಉಚ್ಚೆಯ ವಾಸನೆ ಮಾತ್ರ ಸಹಿಸುವುದು ಕಷ್ಟ.

ಸೂರಿಗೆ ತಾಗುವ ಕೊಂಬೆಗಳನ್ನು ಆರೇಳು ಅಡಿ ದೂರಕ್ಕೆ ಸವರಿಸಿ. ಹಗಲಲ್ಲಿ ಅಟ್ಟದ ಕೆಳಗೆ ನಿಂತು ಹತ್ತು ನಿಮಿಷ ಆಲಿಸಿ. ತೆಳ್ಳನೆ ಕುಂಯ್‌ಗುಟ್ಟುವ ಸದ್ದು ಬಂದರೆ ಮರಿಗಳಿವೆ, ಎರಡು ತಿಂಗಳು ತಡೆಯಬೇಕು. ಕಾಯಲಾಗದಿದ್ದರೆ ಅಟ್ಟದಲ್ಲಿ ಹಗಲು ರಾತ್ರಿ ಒಂದು ಎಲ್.ಇ.ಡಿ. ಬಲ್ಬು ಉರಿಸಿ, ರೇಡಿಯೊ ಹಾಕಿಡಿ. ತಾಯಿ ತಾನೇ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆ ಸಾಗಿಸಬಹುದು.

ಮರಿ ಇಲ್ಲವೆಂದಾದರೆ ಒಂದನ್ನು ಬಿಟ್ಟು ಎಲ್ಲ ಕಿಂಡಿ ಮುಚ್ಚಿ. ಉಳಿದ ಕಿಂಡಿಗೆ ಒಂದು ಗೇಣು ಅಗಲದ ಮೆಶ್ ತುಂಡನ್ನು ಮೇಲಂಚಿಗೆ ಮಾತ್ರ ತಂತಿಯಿಂದ ಕಟ್ಟಿ ಹೊರಗಡೆ ಇಳಿಬಿಡಿ. ಒಳಗಿನಿಂದ ತಳ್ಳಿದರೆ ತೆರೆಯಬೇಕು, ಹೊರಗಿನಿಂದ ಬಂದಾಗ ಚೌಕಟ್ಟಿಗೆ ತಾಗಿ ನಿಲ್ಲಬೇಕು; ಅದಕ್ಕೆ ಮೆಶ್ ಕಿಂಡಿಗಿಂತ ಎರಡು ಅಂಗುಲ ದೊಡ್ಡದಿರಲಿ. ಕಿಂಡಿಯ ಒಳಬದಿಗೆ ರಂಗೋಲಿ ಪುಡಿ ಹಾಕಿ. ಹೊರಹೋದ ಹೆಜ್ಜೆ ಮೂಡಿದ ಮೇಲೆ ಮೂರು ರಾತ್ರಿ ಪುಡಿ ಹಾಗೇ ಉಳಿದರೆ ಖಾಯಂ ಆಗಿ ಮುಚ್ಚಿ. ಹೆಂಚಿನ ಮನೆಯಲ್ಲಿ ಕಿಂಡಿ ಹೆಚ್ಚಾಗಿ ಮೂಲೆಹೆಂಚು ಜರುಗಿದ ಕಡೆ ಇರುತ್ತದೆ, ಮೊದಲು ಅಲ್ಲಿ ನೋಡಿ.

ಹಾವು, ಹೆಜ್ಜೇನು

ಹಾವು ಬರುವುದು ಇಲಿ, ಕಪ್ಪೆಯ ಬೆನ್ನು ಹತ್ತಿ. ಬೆಳ್ಳುಳ್ಳಿ ನೀರು, ಫಿನಾಯಿಲ್ ನೆಚ್ಚಿ ಕೂರಬೇಡಿ; ಇಟ್ಟಿಗೆ ರಾಶಿ, ಹಳೇ ಕುಂಡ, ತೆಂಗಿನ ಗರಿಗಳನ್ನು ತೆಗೆಸಿ. ಒಳಗೆ ಬಂದರೆ ಎಂಟು ಹತ್ತು ಅಡಿ ದೂರದಿಂದ ಕಣ್ಣಿಟ್ಟು 1926ಕ್ಕೆ ಕರೆ ಮಾಡಿ. ಅದು ಎಲ್ಲಿದೆ ಅನ್ನುವುದು ತಪ್ಪಿಹೋದರೆ ಹಿಡಿಯುವವರು ಬಂದೂ ಉಪಯೋಗವಿಲ್ಲ. ಕಚ್ಚಿದರೆ ಬಳೆ, ಉಂಗುರ ತೆಗೆದು, ಕೈಕಾಲು ಅಲುಗಿಸದೆ 108ರಲ್ಲಿ ಹಾವಿನ ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಿ. ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೂ ಊತವೂ ಇರದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಕಂಡರೆ ತಡಮಾಡಬೇಡಿ.

ಗಿಡದ ಕೊಂಬೆಗೆ ಜೇನು ಗೊಂಚಲಾಗಿ ಜೋತು ಕೂತಿದ್ದು ಹಲ್ಲೆ (ಮೇಣದ ಗೂಡು) ಕಾಣದಿದ್ದರೆ ಅದು ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿರುವ ಹಿಂಡು, ಒಂದೆರಡು ದಿನದಲ್ಲಿ ಹೋಗುತ್ತದೆ. ಸಜ್ಜಾದಡಿ ಕಟ್ಟಿದ ಹೆಜ್ಜೇನೂ ಹೂವಿನ ಕಾಲ ಮುಗಿದ ಮೇಲೆ ತಾನಾಗಿ ಜಾಗ ಬಿಡುತ್ತದೆ. ಅಲ್ಲಿಯವರೆಗೆ ಸಂಜೆ ಆ ಬದಿಯ ಕಿಟಕಿ ಮುಚ್ಚಿ, ಬಾಲ್ಕನಿ ದೀಪ ಆರಿಸಿಡಿ, ದೀಪಕ್ಕೆ ಬಂದು ಒಳಗೆ ಬೀಳುತ್ತವೆ. ಬೆಂಕಿ ಹಿಡಿಯುವುದು, ಸ್ಪ್ರೇ ಹೊಡೆಯುವುದು ಮಾಡಿದರೆ ಕೆಳಗೆ ಆಡುತ್ತಿರುವ ಮಕ್ಕಳ ಮೇಲೆ ಎರಗುತ್ತವೆ. ಮಕ್ಕಳು ಓಡಾಡುವ ಜಾಗಕ್ಕೆ ತೀರಾ ಹತ್ತಿರವಿದ್ದರೆ ಹುಳು ಕೊಲ್ಲದೆ ಸಾಗಿಸುವವರನ್ನು ಪಾಲಿಕೆಯ ಮೂಲಕ ಕರೆಸಿ. ಜೇನು ಎದ್ದುಹೋದ ವಾರದೊಳಗೆ ಖಾಲಿ ಹಲ್ಲೆ ಕೆರೆದು, ಮೇಣದ ಗುರುತು ಸೋಪುನೀರಿನಿಂದ ತಿಕ್ಕಿ, ಆ ಜಾಗಕ್ಕೆ ಒಂದು ಕೋಟು ಬಣ್ಣ ಹೊಡೆಸಿ. ಮೇಣದ ವಾಸನೆ ಉಳಿದಿದ್ದರೆ ಮುಂದಿನ ವರ್ಷ ಅದೇ ಜಾಗಕ್ಕೆ ಬರುವ ಸಂಭವ ಹೆಚ್ಚು.